ಷರಾ

ಆಗರವಾಡೆಯಲ್ಲಿ ಬಸ್ಸಿಳಿದಾಗ ಹನ್ನೊಂದೂವರೆ.
ಮೇ ಇಪ್ಪತ್ತೆರಡು. ಮಳೆ ನಿಂತು ಮೂರು ದಿನ.
ಶಾಪೊರಾ ಹೊಳೆ ತನಗೇನೂ ಗೊತ್ತಿಲ್ಲವೆಂಬಂತೆ
ಕಾಂಡ್ಲದ ಬೇರುಗಳ ನಡುವೆ ಕೂತಿತ್ತು.

ನಾನು ವಿಮೆಯ ಸರ್ವೇಯರ್, ಕಾರವಾರದವ.
ಸುಟ್ಟ ಅಂಗಡಿ, ಒಡೆದ ದೋಣಿ, ಬುಡಮೇಲಾದ ಗೇರುಮರ,
ಎಲ್ಲಕ್ಕೂ ಒಂದು ಹೆಣ ಇರುತ್ತದೆ,
ಸುತ್ತ ನಡೆದು ಫೋಟೊ ತೆಗೆಯಬಹುದು.
ಇಲ್ಲಿ ಹಾಳಾದದ್ದು ಎಲ್ಲಿದೆ ಎಂದು ಕೇಳಿದೆ.
ಮಾಲೀಕ ಪುಂಡಲೀಕ ನಾಗ್ವೇಕರ
ಕೊಡೆಯ ತುದಿಯಿಂದ ನೀರು ತೋರಿಸಿದ.
ನಾಲ್ಕು ಗದ್ದೆ ನೀರು.
ಮೋಡವೊಂದು ಅದರಲ್ಲಿ ಮುಖ ನೋಡಿಕೊಳ್ಳುತ್ತಿತ್ತು.

ಆ್ಯಪ್ ಕೇಳಿತು: ಬೆಳೆ ಯಾವುದು?
ಭತ್ತ, ಗೇರು, ತೆಂಗು, ಮಾವು, ಇತರೆ.
ಉಪ್ಪನ್ನು ಯಾರೂ ಬಿತ್ತುವುದಿಲ್ಲ,
ಆದರೂ ಅದು ಬಿಸಿಲಿಗೆ ಮೊಳೆಯುತ್ತದೆ.
ಈ ವರ್ಷವಷ್ಟೇ, ಪ್ರಯೋಗಕ್ಕೆಂದು,
ಸರ್ಕಾರ ತನ್ನ ಸೆರಗಿನ ಚುಂಗಿಗೆ ಅದನ್ನೂ ಗಂಟು ಹಾಕಿತ್ತು.
ಇತರೆ ಒತ್ತಿದೆ.

ಬದುವಿನ ಮೇಲೆ ಕಾಲು ಚಾಚಿ ಕೂತಿದ್ದವಳು
ನನ್ನ ಹರಕು ಕೊಂಕಣಿ ಕೇಳಿ ನಕ್ಕಳು.
'ಕನ್ನಡದಲ್ಲೇ ಹೇಳಿ ಮಾರಾಯ್ರೆ,
ನಾನು ಸಾಣಿಕಟ್ಟೆ ಬದಿಯವಳು.'
ಬೊಮ್ಮಿ ಆಗೇರ. ಹದಿನಾಲ್ಕನೇ ಹಂಗಾಮು.
ಹಿಮ್ಮಡಿಯ ಬಿರುಕಿನಲ್ಲಿ ಒಂದು ಬಿಳಿ ಗೆರೆ,
ಕರಗದೆ ಉಳಿದ ಸರಕು ಅದಿಷ್ಟೇ.

'ಹದಿನೆಂಟರ ರಾತ್ರಿ.
ಎರಡು ರಾಶಿಗೆ ಮಡ್ಲು ಹೊದೆಸಿದ್ದಾಯ್ತು,
ಮೂರನೆಯದರ ಹೊತ್ತಿಗೆ ಗಾಳಿ ಬಂತು.
ಬೆಳಗ್ಗೆ ನೋಡಿದ್ರೆ ಆ ಎರಡರ ಮಡ್ಲೂ
ನೆಲದ ಮೇಲೆ ಮಲಗಿತ್ತು. ಒಳಗೆ ಯಾರೂ ಇಲ್ಲ.'

ಕರಾರಿನಲ್ಲಿ ಒಂದು ಸಂಖ್ಯೆ ಇದೆ.
ಒಂದೇ ದಿನದ ಮಳೆ ಅರವತ್ತೈದು ಮಿಲಿಮೀಟರ್ ದಾಟಿದರೆ
ಹಣ ತಾನಾಗಿ ಖಾತೆಗೆ ಇಳಿಯುತ್ತದೆ.
ದಾಟದೆ ತಕರಾರು ಬಂದರೆ ನಾನು ಬರುತ್ತೇನೆ.
ಮಳೆಮಾಪಕ ಇರುವುದು ಪೆಡ್ಣೆಯ ಕಚೇರಿಯ ತಾರಸಿಯಲ್ಲಿ,
ಹಲಸಿನ ಕೊಂಬೆಯ ಕೆಳಗೆ.
ಅಂದು ಅದಕ್ಕೆ ಸಿಕ್ಕಿದ್ದು ಅರವತ್ತೊಂದು.
ಕಡಿಮೆ ಬಿದ್ದದ್ದು ಒಂದು ಹೆಸರುಕಾಳಿನ ಎತ್ತರ.

'ನಮ್ಮ ಗಂಜಿ ಪಾತ್ರೆ ಹೊರಗಿತ್ತು,
ತುಂಬಿ ಚೆಲ್ಲಿತ್ತು' ಎಂದಳು ಬೊಮ್ಮಿ.
ಟೇಪು ಇಳಿಬಿಟ್ಟು ಅಳೆದೆ: ಹನ್ನೆರಡು ಸೆಂಟಿಮೀಟರ್ ಆಳ.
ಬರೆದುಕೊಳ್ಳಲಿಲ್ಲ. ಪಾತ್ರೆಗೆ ಪ್ರಮಾಣಪತ್ರ ಇರಲಿಲ್ಲ.
ಪಾಲಿಸಿಯಲ್ಲಿ ಅವಳ ಹೆಸರೂ ಇರಲಿಲ್ಲ.
ಅವಳಿಗೆ ಕೂಲಿ ರಾಶಿಯ ಲೆಕ್ಕ;
ರಾಶಿ ಇಲ್ಲ, ಲೆಕ್ಕ ಇಲ್ಲ.

ಅವಳು ಎದ್ದು ಮೂರನೇ ಗದ್ದೆಗೆ ಇಳಿದಳು,
ಬೊಗಸೆ ತುಂಬ ನೀರೆತ್ತಿ ನನ್ನ ಮುಂದೆ ಹಿಡಿದಳು.
'ರುಚಿ ನೋಡಿ. ನೋಡಿ ಬರ್ಕೊಳ್ಳಿ.'
ಏಳು ವರ್ಷದ ನೌಕರಿಯಲ್ಲಿ
ನಷ್ಟವನ್ನು ನಾಲಿಗೆಗೆ ಹಚ್ಚಿಕೊಂಡದ್ದು ಅದೇ ಮೊದಲು.
ನಾಲಿಗೆ ಸುಡಬೇಕಿದ್ದ ನೀರು.
ಸಪ್ಪೆ. ಪೂರ್ತಿ ಸಪ್ಪೆಯೂ ಅಲ್ಲ,
ಪಥ್ಯದವರಿಗೆ ಮಾಡಿದ ಸಾರಿನ ಹಾಗೆ.

'ಉಪ್ಪು ತಿಂದವ ನೀರು ಕುಡೀಬೇಕಂತೆ' ಎಂದಳು,
'ಇಲ್ಲಿ ನೀರೇ ಉಪ್ಪು ತಿಂದು ಕೂತಿದೆ.
ಅದೇನು ಕುಡೀಬೇಕು, ನಿಮ್ಮ ಫೋನಿಗೆ ಕೇಳಿ.'

ಫೋನು ಕೇಳುತ್ತಿದ್ದದ್ದು ಷರಾ.
ಐವತ್ತು ಅಕ್ಷರ, ಇಂಗ್ಲಿಷಿನಲ್ಲಿ ಮಾತ್ರ.
ಸಪ್ಪೆಗೆ ಒಂದು ಪದ ಹುಡುಕುತ್ತ
ಬಿಸಿಲಲ್ಲಿ ಬಹಳ ಹೊತ್ತು ನಿಂತೆ.
ಹಣೆಯ ಬೆವರು ತುಟಿಗಿಳಿಯಿತು,
ಗದ್ದೆಯ ನೀರಿಗಿಂತ ಅದೇ ಖಾರ.
ಕೊನೆಗೆ ಒತ್ತಿದ್ದು:
ವಾಟರ್ ಪ್ರೆಸೆಂಟ್. ಸಾಲ್ಟ್ ನಾಟ್ ಸೀನ್.

ಚೌತಿ ಕಳೆದ ಮೇಲೆ ನಾಗ್ವೇಕರನ ಖಾತೆಗೆ
ಎರಡು ಸಾವಿರದ ನಾನೂರು ಬಂತಂತೆ.
ಬೊಮ್ಮಿಗೆಷ್ಟು ಎಂದು ನಾನು ಕೇಳಲಿಲ್ಲ,
ಅದಕ್ಕೆ ಕಾಲಂ ಇರಲಿಲ್ಲ ಎಂದು
ನನಗೆ ನಾನೇ ಹೇಳಿಕೊಂಡೆ.

ಆದರೆ ಆ ಮೇ ತಿಂಗಳ ರಾತ್ರಿ, ಮನೆಯಲ್ಲಿ,
'ಉಪ್ಪು ಸಾಕಾಯ್ತಾ?' ಎಂದು ಹೆಂಡತಿ ಕೇಳಿದಾಗ
ತಟ್ಟನೆ ಉತ್ತರ ಬರಲಿಲ್ಲ.
ಇನ್ನೊಂದು ತುತ್ತು ಬಾಯಿಗಿಟ್ಟು
ಕಣ್ಣು ಮುಚ್ಚಿದೆ,
ಪಂಚನಾಮೆಗೆ ಕರೆತಂದ ಸಾಕ್ಷಿಯ ಹಾಗೆ.